ಬಿಲ್ಲಿಲ್ಲದ ಗ್ರಾಹಕ: ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಲ್ಲಿ ವಿದ್ಯುತ್ ಮಾರಾಟದ ನಿಯಂತ್ರಣ ಮತ್ತು ಬಳಕೆದಾರರ ರಕ್ಷಣೆ

ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ತಾಲ್ಲೂಕುಗಳ ಮನೆ, ಅಂಗಡಿ, ಪಂಪ್‌ಸೆಟ್ಟು, ಆಲೆಮನೆಗಳಿಗೆ ವಿದ್ಯುತ್ ಪೂರೈಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ಊರಿನವರ ಮಾತಿನಲ್ಲಿ ‘ಸೆಸ್ಕ್’. ದರ ಒಪ್ಪಿಗೆಯಾಗದಿದ್ದರೆ ಅಥವಾ ಸೇವೆ ಕೆಟ್ಟರೆ ಬೇರೊಬ್ಬ ಮಾರಾಟಗಾರನ ಬಳಿ ಹೋಗುವ ಅವಕಾಶ ಇಲ್ಲಿನ ಸಾಮಾನ್ಯ ಬಳಕೆದಾರನಿಗಿಲ್ಲ. ಆಯ್ಕೆ ಇಲ್ಲದ ಕಡೆ ಗ್ರಾಹಕನನ್ನು ಕಾಯಬೇಕಾದದ್ದು ಕಾನೂನು. ಆ ಕಾನೂನು ಕೈಗೆ ಸಿಗುವುದು ಹೆಚ್ಚಾಗಿ ಮೀಟರು ಮತ್ತು ಬಿಲ್ಲಿನ ಮೂಲಕ. ಈ ಮೂರು ತಾಲ್ಲೂಕುಗಳಲ್ಲಿ ಬಹುಪಾಲು ರೈತರ ಪಂಪ್‌ಸೆಟ್ಟಿಗೆ ಮೀಟರಿಲ್ಲ, ಬಹುಪಾಲು ಮನೆಗಳ ಬಿಲ್ಲನ್ನು ಪೂರ್ತಿಯಾಗಿಯೋ ಭಾಗಶಃವೋ ಸರ್ಕಾರ ಕಟ್ಟುತ್ತದೆ. ಹಣ ಕಟ್ಟುವವರು ಬೇರೆಯಾದಾಗ ಗ್ರಾಹಕನ ಹಕ್ಕು ಯಾರದಾಗಿ ಉಳಿಯುತ್ತದೆ ಎಂಬುದೇ ಇಲ್ಲಿ ಪರಿಶೀಲಿಸುವ ವಿಷಯ. ಹಕ್ಕು ಬಳಸುವವನದೇ ಎಂದು ಕಾನೂನು ಹೇಳುತ್ತದೆ. ಆದರೆ ಅದನ್ನು ಜಾರಿಗೆ ತರುವ ವ್ಯವಸ್ಥೆ ಬಿಲ್ ಕಟ್ಟುವವನನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿದೆ.

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ತು ಮೊದಲು ಹರಿದದ್ದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಅದೇ ವಿದ್ಯುತ್ತಿನಿಂದ ಬೆಳಗಿದವು. ಅದೇ ತಾಲ್ಲೂಕಿನ ಶಿಂಷಾ ವಿದ್ಯುದಾಗಾರ ಶುರುವಾದದ್ದು 1940ರಲ್ಲಿ. ಇಂದು ಮದ್ದೂರು ತಾಲ್ಲೂಕಿನ ಕೊಪ್ಪ ಮತ್ತು ಕೆ.ಎಂ. ದೊಡ್ಡಿಯ ಸಕ್ಕರೆ ಕಾರ್ಖಾನೆಗಳೂ ಕಬ್ಬಿನ ಸಿಪ್ಪೆಯಿಂದ ವಿದ್ಯುತ್ ತೆಗೆಯುತ್ತವೆ. ಉತ್ಪಾದನೆಯಲ್ಲಿ ಇಷ್ಟು ಹಳೆಯದಾದ ಈ ಸೀಮೆಯಲ್ಲಿ ಚಿಲ್ಲರೆ ಗ್ರಾಹಕನಿಗೆ ಕಾನೂನಿನ ಹಕ್ಕುಗಳು ಸಿಕ್ಕಿದ್ದು ಮಾತ್ರ ಇತ್ತೀಚೆಗೆ. 1957ರಲ್ಲಿ ಹುಟ್ಟಿದ ವಿದ್ಯುಚ್ಛಕ್ತಿ ಮಂಡಳಿ, ಅಂದರೆ ಕೆಇಬಿ, ಉತ್ಪಾದನೆಯ ಬಹುಭಾಗ, ಸಾಗಣೆ, ಮಾರಾಟ ಎಲ್ಲವನ್ನೂ ಹಲವು ವರ್ಷ ತಾನೇ ನೋಡಿಕೊಂಡಿತು. 1999ರಲ್ಲಿ ವಿದ್ಯುತ್ ಸಾಗಣೆಯ ಕಂಪನಿ ಕೆಪಿಟಿಸಿಎಲ್ ಮತ್ತು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸ್ಥಾಪನೆಯಾದವು. 2002ರ ಜೂನ್‌ನಲ್ಲಿ ವಿತರಣೆಯನ್ನು ನಾಲ್ಕು ಕಂಪನಿಗಳಿಗೆ ಹಂಚಿದಾಗ ಮಂಡ್ಯ ಜಿಲ್ಲೆ ಮಂಗಳೂರಿನ ಮೆಸ್ಕಾಂ ಪಾಲಿಗೆ ಬಂತು. ಮೈಸೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಚಾಮುಂಡೇಶ್ವರಿ ನಿಗಮ 2005ರ ಏಪ್ರಿಲ್‌ನಿಂದ ಕೆಲಸ ಆರಂಭಿಸಿತು.

ನಡುವೆ 2003ರ ವಿದ್ಯುಚ್ಛಕ್ತಿ ಅಧಿನಿಯಮ ಬಂದಿತ್ತು. ಗ್ರಾಹಕರ ರಕ್ಷಣೆಯ ಬೇರುಗಳೆಲ್ಲ ಅದರಲ್ಲಿವೆ. ಅರ್ಜಿ ಹಾಕಿದವನಿಗೆ ಸಂಪರ್ಕ ಕೊಡುವುದು ಪರವಾನಗಿದಾರನ ಕರ್ತವ್ಯ ಎಂದು 43ನೇ ಕಲಂ ಹೇಳುತ್ತದೆ. ದರವನ್ನು ಆಯೋಗ ನಿಗದಿ ಮಾಡಬೇಕೇ ಹೊರತು ಕಂಪನಿಯಲ್ಲ. ಭದ್ರತಾ ಠೇವಣಿಗೆ ಬಡ್ಡಿ ಕೊಡಬೇಕು. ಬಾಕಿಗಾಗಿ ಸಂಪರ್ಕ ಕಡಿಯುವ ಮೊದಲು ಪೂರ್ತಿ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು. ಈ ಕೊನೆಯ ನಿಯಮಕ್ಕೆ, ಅಂದರೆ 56ನೇ ಕಲಂಗೆ, ಅಂಟಿಕೊಂಡ ಒಂದು ಷರತ್ತು ಹೆಚ್ಚು ಜನರಿಗೆ ತಿಳಿದಿರಬೇಕಾದದ್ದು. ಬಿಲ್ಲಿನ ಮೊತ್ತದ ಬಗ್ಗೆ ತಕರಾರಿದ್ದರೆ ಗ್ರಾಹಕ ಕೇಳಿದ ಮೊತ್ತವನ್ನೋ, ಹಿಂದಿನ ಆರು ತಿಂಗಳ ಸರಾಸರಿಯ ಮೇಲೆ ಲೆಕ್ಕ ಹಾಕಿದ ಮೊತ್ತವನ್ನೋ, ಯಾವುದು ಕಡಿಮೆಯೋ ಅದನ್ನು ಪ್ರತಿಭಟನೆಯ ಷರಾದೊಂದಿಗೆ ಕಟ್ಟಿದರೆ ತಕರಾರು ಇತ್ಯರ್ಥವಾಗುವವರೆಗೆ ಸಂಪರ್ಕ ಕಡಿಯುವಂತಿಲ್ಲ. ಒಮ್ಮೆಗೇ ಹತ್ತುಪಟ್ಟು ಬಿಲ್ ಬಂದ ಮನೆಯವರು ಸಾಲ ಮಾಡಿ ಪೂರ್ತಿ ಹಣ ಕಟ್ಟುವುದು ಈ ಷರತ್ತು ಗೊತ್ತಿಲ್ಲದ್ದರಿಂದ.

ಹಳೆ ಬಾಕಿಯ ವಿಷಯದಲ್ಲಿ ಕಾನೂನು ಅಷ್ಟು ಸರಳವಲ್ಲ. ಮೊದಲು ಪಾವತಿಸಬೇಕಾಗಿ ಬಂದ ದಿನದಿಂದ ಎರಡು ವರ್ಷ ಕಳೆದ ಬಾಕಿಯನ್ನು, ಬಿಲ್ಲಿನಲ್ಲಿ ಸತತವಾಗಿ ತೋರಿಸುತ್ತ ಬಂದಿರದಿದ್ದರೆ, ವಸೂಲಿ ಮಾಡುವಂತಿಲ್ಲ ಎನ್ನುತ್ತದೆ 56(2). ಆದರೆ ಅಜ್ಮೇರ್ ವಿದ್ಯುತ್ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ ಪಾವತಿಯ ಹೊಣೆ ಶುರುವಾಗುವುದು ಬಿಲ್ ಕೊಟ್ಟಾಗ. ತಪ್ಪು ಕಂಡುಹಿಡಿದು ತಡವಾಗಿ ಹೆಚ್ಚುವರಿ ಬಿಲ್ ಕೊಟ್ಟರೆ, ಅವಧಿ ಮೀರಿದ್ದಕ್ಕಾಗಿ ಸಂಪರ್ಕ ಕಡಿಯಲಾಗದಿದ್ದರೂ ಬೇರೆ ಮಾರ್ಗದಲ್ಲಿ ವಸೂಲಿಗೆ ಅಡ್ಡಿಯಿಲ್ಲ.

ಕೇಂದ್ರ ಸರ್ಕಾರ 2020ರ ಡಿಸೆಂಬರ್ 31ರಂದು ಹೊರಡಿಸಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳು ಅಧಿನಿಯಮದ ಈ ರಕ್ಷಣೆಗಳಿಗೆ ಇನ್ನಷ್ಟು ಸೇರಿಸಿದವು. ಒಂದು ಹಣಕಾಸು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಅಂದಾಜು ಬಿಲ್ ಕೊಡುವಂತಿಲ್ಲ. ಬಿಲ್ 60 ದಿನ ಅಥವಾ ಅದಕ್ಕೂ ತಡವಾದರೆ ಶೇ. 2ರಿಂದ 5ರವರೆಗೆ ರಿಯಾಯಿತಿ ಕೊಡಬೇಕು. 2024ರ ತಿದ್ದುಪಡಿಯ ಪ್ರಕಾರ ಗ್ರಾಮೀಣ ಪ್ರದೇಶದಲ್ಲಿ ಹೊಸ ಸಂಪರ್ಕ 15 ದಿನಗಳೊಳಗೆ ಸಿಗಬೇಕು. ಮೀಟರ್ ಹೆಚ್ಚು ಓಡುತ್ತಿದೆ ಎಂದು ದೂರಿದರೆ ಐದು ದಿನಗಳಲ್ಲಿ ಇನ್ನೊಂದು ತಪಾಸಣಾ ಮೀಟರ್ ಅಳವಡಿಸಿ ಕನಿಷ್ಠ ಮೂರು ತಿಂಗಳು ಹೋಲಿಸಿ ನೋಡಬೇಕು. ಅಂದಾಜು ಬಿಲ್, ತಡವಾದ ಬಿಲ್, ಮೀಟರ್ ದೋಷ: ಈ ರಕ್ಷಣೆಗಳು ಕಾಗದದ ಒಂದು ಚೀಟಿಯನ್ನೇ ಆಧರಿಸಿವೆ.

ಆ ಚೀಟಿಯೇ ಇಲ್ಲದವನು ಪಂಪ್‌ಸೆಟ್ ರೈತ. ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದಲ್ಲಿರುವ ಮದ್ದೂರು, ಮಳವಳ್ಳಿಯ ಹಲವು ಹಳ್ಳಿಗಳಲ್ಲಿ ನಾಲೆಯ ನೀರು ಹೊತ್ತಿಗೆ ಸರಿಯಾಗಿ ಬರುವುದಿಲ್ಲ. ಕಬ್ಬು, ಭತ್ತ, ರೇಷ್ಮೆಯ ಹಿಪ್ಪುನೇರಳೆ ನಿಂತಿರುವುದು ಕೊಳವೆಬಾವಿಯ ಮೇಲೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ರಾಜ್ಯ ಸರ್ಕಾರ 2008ರಿಂದ ಉಚಿತ ವಿದ್ಯುತ್ ಕೊಡುತ್ತಿದೆ. ಕಾನೂನಿನ ದೃಷ್ಟಿಯಲ್ಲಿ ಇದು ಉಚಿತವಲ್ಲ. ಆಯೋಗ ಈ ವರ್ಗಕ್ಕೂ ದರ ನಿಗದಿ ಮಾಡುತ್ತದೆ, 65ನೇ ಕಲಂ ಪ್ರಕಾರ ಸರ್ಕಾರ ಆ ಮೊತ್ತವನ್ನು ಮುಂಗಡವಾಗಿ ನಿಗಮಕ್ಕೆ ಕಟ್ಟಿಕೊಡಬೇಕು. ಸರ್ಕಾರ ಕಟ್ಟದಿದ್ದರೆ ರೈತನಿಂದಲೇ ವಸೂಲಿ ಮಾಡಬಹುದೆಂದು ದರ ಆದೇಶಗಳು ಹೇಳುತ್ತ ಬಂದಿವೆ. ಅಂದರೆ ರೈತನ ತಲೆಯ ಮೇಲೆ ಹೊಣೆ ತೂಗುತ್ತಿದೆ, ಕೈಯಲ್ಲಿ ಲೆಕ್ಕ ಮಾತ್ರ ಇಲ್ಲ. ಮೀಟರಿಲ್ಲದೆ ವಿದ್ಯುತ್ ಪೂರೈಸಬಾರದೆಂಬ 55ನೇ ಕಲಮಿನ ಗಡುವು 2005ರ ಜೂನ್‌ಗೇ ಮುಗಿದಿದ್ದು, ಅದನ್ನು ವಿಸ್ತರಿಸುವ ಅಧಿಕಾರವನ್ನು ಅದೇ ಕಲಂ ಆಯೋಗಕ್ಕೆ ಕೊಟ್ಟಿದೆ. ಪಂಪ್‌ಸೆಟ್ಟುಗಳ ಬಳಕೆಯನ್ನು ಫೀಡರ್ ಮತ್ತು ಟಿ.ಸಿ. (ಪರಿವರ್ತಕ) ಮಟ್ಟದ ಮೀಟರುಗಳಿಂದ ಅಂದಾಜು ಮಾಡಲಾಗುತ್ತದೆ. ಮೀಟರ್ ಹಾಕಿದರೆ ನಾಳೆ ಬಿಲ್ ಬರುತ್ತದೆಂದು ರೈತ ಹೆದರುತ್ತಾನೆ. ಆ ಹೆದರಿಕೆಗೆ ಕಾರಣವಿದೆ. ಮೀಟರಿಲ್ಲದಿರುವುದರಿಂದ ತನಗೆ ಎಷ್ಟು ಗಂಟೆ ತ್ರೀಫೇಸ್ ಬಂತು, ವೋಲ್ಟೇಜ್ ಎಷ್ಟಿತ್ತು ಎಂಬುದಕ್ಕೆ ಸಾಕ್ಷಿಯೂ ಅವನ ಬಳಿ ಇಲ್ಲವಾಗುತ್ತದೆ. ಇದು ಅವನಿಗೆ ಆಗಿರುವ ದೊಡ್ಡ ನಷ್ಟ.

ಟಿ.ಸಿ. ಸುಟ್ಟಾಗ ಈ ನಷ್ಟ ಕಣ್ಣಿಗೆ ಕಾಣುತ್ತದೆ. ಆಯೋಗದ 2004ರ ಸೇವಾ ಮಾನದಂಡಗಳ ನಿಯಮಾವಳಿ ಫ್ಯೂಸ್ ಹೋದ ದೂರಿಗೆ ಪಟ್ಟಣದಲ್ಲಿ 6 ಗಂಟೆ, ಹಳ್ಳಿಯಲ್ಲಿ 24 ಗಂಟೆಯ ಗಡುವು ಇಟ್ಟಿತು. ಪರಿವರ್ತಕ ಕೆಟ್ಟರೆ ಪಟ್ಟಣದಲ್ಲಿ 24, ಹಳ್ಳಿಯಲ್ಲಿ 72 ಗಂಟೆ. ಗಡುವು ಮೀರಿದರೆ ಬಾಧಿತ ಗ್ರಾಹಕನಿಗೆ ಪರಿಹಾರ ಕೊಡಬೇಕು. ಗಂಟೆಗಳನ್ನು ಎಣಿಸತೊಡಗುವುದು ದೂರು ದಾಖಲಾದ ಹೊತ್ತಿನಿಂದ. ಹಳ್ಳಿಯಲ್ಲಿ ದೂರು ಹೋಗುವುದು ಲೈನ್‌ಮನ್ ಮೊಬೈಲಿಗೆ, ಅದು ಎಲ್ಲೂ ದಾಖಲಾಗುವುದಿಲ್ಲ. ರೈತರು ತಾವೇ ಹಣ ಕೂಡಿಸಿ ಸುಟ್ಟ ಟಿ.ಸಿ.ಯನ್ನು ಟ್ರ್ಯಾಕ್ಟರಿಗೆ ಹೇರಿ ದುರಸ್ತಿಗೆ ಒಯ್ಯುವುದೂ ಉಂಟು. ಅವರು ಹೊತ್ತದ್ದು ಪರವಾನಗಿದಾರನ ಕೆಲಸ, ಅದರ ಖರ್ಚೂ ಅವರ ಮೇಲೆ ಬೀಳಬಾರದು. ಪರಿಹಾರ ಸಾಮಾನ್ಯವಾಗಿ ಮುಂದಿನ ಬಿಲ್ಲಿನಲ್ಲಿ ಜಮೆಯಾಗುವ ಬಾಬ್ತು. ಬಿಲ್ಲೇ ಬಾರದವನಿಗೆ ಅದು ಯಾವ ಖಾತೆಗೆ ಜಮೆಯಾಗಬೇಕೆಂಬ ಪ್ರಶ್ನೆಯನ್ನು ಆಯೋಗ ಬಿಡಿಸಿ ಹೇಳುವುದು ಅಗತ್ಯ. ಸಹಾಯವಾಣಿ 1912ಕ್ಕೆ ಕರೆಮಾಡಿ ದೂರಿನ ಸಂಖ್ಯೆ ಪಡೆದು ಬರೆದಿಟ್ಟುಕೊಂಡರೆ ಕನಿಷ್ಠ ಹೊತ್ತಿನ ಗುರುತಾದರೂ ಉಳಿಯುತ್ತದೆ.

ಆಲೆಮನೆಯ ಪ್ರಶ್ನೆ ಇನ್ನೂ ತೊಡಕಿನದು, ಮಂಡ್ಯ ಸೀಮೆಗೆ ವಿಶೇಷವಾದದ್ದು ಕೂಡ. ಪಂಪ್‌ಸೆಟ್ ಸಂಪರ್ಕ ಬೇಸಾಯದ ನೀರಿಗಾಗಿ. ಪಂಪ್‌ಮನೆಗೆ 40 ವ್ಯಾಟಿನ ಎರಡು ದೀಪ ಉರಿಸಬಹುದು, ಆ ನೀರನ್ನು ಕುಡಿಯಲೂ ದನಕರುಗಳಿಗೂ ಬಳಸಬಹುದು ಎಂದು ದರಪಟ್ಟಿಯ ಷರತ್ತುಗಳು ಬಿಡಿಸಿ ಹೇಳುತ್ತವೆ. ಕಬ್ಬು ಅರೆಯುವುದಕ್ಕೂ ಅವಕಾಶವಿದೆ: ನಿಗಮದ ಅನುಮತಿ ಪಡೆದು ಪಂಪ್‌ಸೆಟ್ಟಿನ ಮೋಟಾರನ್ನೇ ಬದಲಿ ಜೋಡಣೆಯಿಂದ ಗಾಣಕ್ಕೆ ಬಳಸಬಹುದು. ಆ ಬಳಕೆಯನ್ನು ಬೇರೆಯಾಗಿ ಅಳೆದು ಕೈಗಾರಿಕಾ ದರದ ಯೂನಿಟ್ ಶುಲ್ಕ ಮಾತ್ರ ವಿಧಿಸಬೇಕು. ಈ ಷರತ್ತಿನ ಹಿಂದೆ ತೆರೆದ ಬಾವಿಯ ದಡದ ಮೋಟಾರ್ ಇದೆ. ಪಂಪಿನ ಬೆಲ್ಟ್ ಬಿಚ್ಚಿ ಗಾಣಕ್ಕೆ ಹಾಕಿದರೆ ಅದೇ ಮೋಟಾರು ಕಬ್ಬು ಅರೆಯುತ್ತಿತ್ತು. ಈಗ ಮೋಟಾರು ನೂರಾರು ಅಡಿ ಆಳದ ಕೊಳವೆಬಾವಿಯೊಳಗೆ ಮುಳುಗಿದೆ. ಗಾಣಕ್ಕೆ ಎರಡನೆಯ ಮೋಟಾರೇ ಬೇಕು, ಅದನ್ನು ಅದೇ ಸ್ಟಾರ್ಟರ್ ಪೆಟ್ಟಿಗೆಯಿಂದ ಎಳೆದರೆ ಷರತ್ತಿನ ಅಕ್ಷರಾರ್ಥದಿಂದ ಹೊರಗೆ ಬಿದ್ದಂತೆ.

ಹಾಗೆ ಬಿದ್ದರೆ ಅನ್ವಯವಾಗುವುದು 126ನೇ ಕಲಂ. ಅನುಮತಿ ಇಲ್ಲದ ಉದ್ದೇಶಕ್ಕೆ ಬಳಸಿದರೆ ಆ ಸೇವೆಗೆ ಸಲ್ಲುವ ದರದ ಎರಡರಷ್ಟನ್ನು ವಿಧಿಸಬಹುದು. ಎಂದಿನಿಂದ ಬಳಸುತ್ತಿದ್ದರೆಂದು ಗೊತ್ತಾಗದಿದ್ದರೆ ತಪಾಸಣೆಯ ಹಿಂದಿನ 12 ತಿಂಗಳಿಗೆ ಲೆಕ್ಕ ಹಾಕಲಾಗುತ್ತದೆ. ವರ್ಷದಲ್ಲಿ ಕೆಲವೇ ತಿಂಗಳು ಗಾಣ ತಿರುಗಿಸುವ ರೈತನಿಗೆ ಇದು ದೊಡ್ಡ ಹೊರೆ. ಗಾಣ ಯಾವಾಗ ಹೂಡಿದ್ದು, ಬೆಲ್ಲ ಯಾವ ದಿನಾಂಕಗಳಂದು ಮಾರುಕಟ್ಟೆಗೆ ಹೋದದ್ದು ಎಂಬ ಚೀಟಿಗಳು ಅವಧಿಯನ್ನು ಸಾಬೀತು ಮಾಡಬಲ್ಲವು. ತಾತ್ಕಾಲಿಕ ಆದೇಶಕ್ಕೆ ಆಕ್ಷೇಪಣೆ ಸಲ್ಲಿಸುವಾಗಲೇ ಅವನ್ನು ಮುಂದಿಡಬೇಕು. ಅಂತಿಮ ಆದೇಶದ ಮೇಲೆ 30 ದಿನಗಳಲ್ಲಿ ಮೇಲ್ಮನವಿ ಹೋಗಬಹುದಾದರೂ ಅದಕ್ಕೆ ಅರ್ಧ ಮೊತ್ತ ಮೊದಲೇ ಕಟ್ಟಬೇಕು. ಗ್ರಾಹಕ ನ್ಯಾಯಾಲಯದ ಬಾಗಿಲೂ ಇಲ್ಲಿ ಮುಚ್ಚಿದೆ: 126ರ ಅಡಿಯ ನಿರ್ಧರಣೆಯ ವಿರುದ್ಧ ಅಲ್ಲಿ ದೂರು ನಿಲ್ಲದೆಂದು ಅನೀಸ್ ಅಹ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ಬಾವಿಯ ದಡದಿಂದ ಮೋಟಾರು ನೆಲದಾಳಕ್ಕೆ ಇಳಿದು ದಶಕಗಳಾದವು. ಗಾಣದ ಎರಡನೆಯ ಮೋಟಾರನ್ನೂ ಒಳಗೊಳ್ಳುವಂತೆ ಷರತ್ತನ್ನು ತಿದ್ದುವುದು ಆಯೋಗಕ್ಕೆ ಕಷ್ಟದ ಕೆಲಸವಲ್ಲ.

ಅಕ್ರಮ ಪಂಪ್‌ಸೆಟ್ಟುಗಳದ್ದು ಇದಕ್ಕೂ ಕೆಳಗಿನ ಸ್ಥಿತಿ. ಆರ್.ಆರ್. ನಂಬರ್, ಅಂದರೆ ಸಂಪರ್ಕದ ನೋಂದಣಿ ಸಂಖ್ಯೆ, ಇಲ್ಲದವನು ದಾಖಲೆಯಲ್ಲಿ ಗ್ರಾಹಕನೇ ಅಲ್ಲ. ಒಂದು ಕಡೆ 135ನೇ ಕಲಂ ಅದನ್ನು ಕಳವು ಎನ್ನುತ್ತದೆ, ಇನ್ನೊಂದು ಕಡೆ ಅಕ್ರಮ-ಸಕ್ರಮ ಯೋಜನೆ ಅರ್ಜಿ ಹಾಕಿ ಬಾ ಎನ್ನುತ್ತದೆ. ಅರ್ಜಿ ಹಾಕಿ ಹಣ ಕಟ್ಟಿ ಸರದಿಗೆ ಕಾಯುವ ರೈತ ಎರಡರ ನಡುವೆ ಸಿಕ್ಕಿಕೊಳ್ಳುತ್ತಾನೆ. ಲೆಕ್ಕಕ್ಕೆ ಸೇರದ ಇವರ ಮೋಟಾರುಗಳ ಭಾರದಿಂದಲೇ ಪಕ್ಕದ ಸಕ್ರಮ ರೈತನ ಟಿ.ಸಿ.ಯೂ ಸುಡುತ್ತದೆ.

ಮನೆಗಳ ಕಡೆ ಬಂದರೆ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿ. 2023ರ ಜುಲೈನ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿ, 200 ಯೂನಿಟ್ ಮೀರದಂತೆ ಪ್ರತಿ ಮನೆಗೂ ಅರ್ಹ ಮಿತಿ ನಿಗದಿಯಾಯಿತು. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದ ಮನೆಗಳಿಗೆ 2024ರಲ್ಲಿ ಶೇ. 10ರ ಬದಲು 10 ಯೂನಿಟ್ ಸೇರಿಸಲಾಯಿತು. ಮಿತಿ ಮೀರಿದರೆ ಹೆಚ್ಚುವರಿ ಯೂನಿಟ್ಟಿಗೆ ಮಾತ್ರ ಹಣ, 200 ದಾಟಿದರೆ ಇಡೀ ಬಿಲ್ಲು ಮನೆಯವರದೇ. ಇಲ್ಲಿ ಪಂಪ್‌ಸೆಟ್ಟಿಗಿಲ್ಲದ ಅನುಕೂಲವೊಂದಿದೆ: ಮೊತ್ತ ಸೊನ್ನೆಯಾದರೂ ಮೀಟರ್ ಓದುವವರು ಬರುತ್ತಾರೆ, ಬಿಲ್ಲು ಕೈಗೆ ಬರುತ್ತದೆ. ಸೊನ್ನೆ ಕಂಡೊಡನೆ ಅದನ್ನು ಮಡಚಿ ಎಸೆಯುವುದು ಸರಿಯಲ್ಲ. ಈ ತಿಂಗಳ ಮತ್ತು ಹಿಂದಿನ ತಿಂಗಳ ರೀಡಿಂಗ್, ಅರ್ಹ ಯೂನಿಟ್, ಮಂಜೂರಾದ ಕಿಲೋವ್ಯಾಟ್, ಠೇವಣಿ ಎಲ್ಲವೂ ಮನೆಯವರ ಹಕ್ಕಿನ ಪುರಾವೆಗಳು. ಬಾಗಿಲು ಹಾಕಿದೆ ಎಂದು ಸರಾಸರಿ ಬರೆದು, ಮುಂದಿನ ಸಲ ಎರಡು ತಿಂಗಳ ಬಳಕೆ ಒಟ್ಟಿಗೇ ಬಂದು 200 ದಾಟಿದಂತೆ ತೋರಿದರೆ, ತಿದ್ದಿಸಲು ಹಳೆಯ ಬಿಲ್ಲುಗಳೇ ಬೇಕಾಗುತ್ತವೆ. ಯೋಜನೆಗೆ ಹೊರಗುಳಿದವರಿಗಂತೂ ಬಿಲ್ಲಿನ ಪ್ರತಿ ಸಾಲೂ ಮುಖ್ಯ. 2025ರ ಏಪ್ರಿಲ್‌ನಲ್ಲಿ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿಗಾಗಿ ಯೂನಿಟ್ಟಿಗೆ 36 ಪೈಸೆಯ ಸರ್‌ಚಾರ್ಜ್ ಸೇರಿತು.

ದೂರು ನೀಡುವ ಮೆಟ್ಟಿಲುಗಳು ಹೀಗಿವೆ. ಮೊದಲು ಶಾಖಾ ಕಚೇರಿ ಮತ್ತು ಮದ್ದೂರು, ಮಳವಳ್ಳಿಯ ಉಪವಿಭಾಗ ಕಚೇರಿಗಳು. ಉಪವಿಭಾಗದ ಜನಸಂಪರ್ಕ ಸಭೆಯಲ್ಲಿ ಎಷ್ಟೋ ತಕರಾರು ಮಾತಿನಲ್ಲೇ ಬಗೆಹರಿಯುತ್ತವೆ, ಆದರೆ ಅಲ್ಲಿಯೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯುವುದು ಒಳ್ಳೆಯದು. ಬಗೆಹರಿಯದಿದ್ದರೆ 42(5)ನೇ ಕಲಂ ಅಡಿಯ ಜಿಲ್ಲಾ ಗ್ರಾಹಕ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ಬೆಂಗಳೂರಿನ ವಿದ್ಯುತ್ ಓಂಬುಡ್ಸ್‌ಮನ್. ವೇದಿಕೆಯ ಅಧ್ಯಕ್ಷತೆ ನಿಗಮದ ಅಧಿಕಾರಿಯದೇ, ಜೊತೆಗೆ ಆಯೋಗ ನೇಮಿಸುವ ಸ್ವತಂತ್ರ ಸದಸ್ಯರೊಬ್ಬರಿರುತ್ತಾರೆ. ದೂರಿಗೊಳಗಾದ ಸಂಸ್ಥೆಯೇ ವಿಚಾರಣೆಯ ಪೀಠದಲ್ಲಿ ಕುಳಿತಿರುವಾಗ ಆ ಸದಸ್ಯರ ಹೊಣೆ ಹಿರಿದು. ಬಳಕೆದಾರರ ಪ್ರತಿನಿಧಿಗಳನ್ನೂ ಸೇರಿಸಬೇಕೆಂದು 2020ರ ನಿಯಮಗಳು ಹೇಳಿದ್ದು ಇದೇ ಕಾರಣಕ್ಕೆ. ಜಿಲ್ಲಾ ವೇದಿಕೆಯಲ್ಲಿ ಪಂಪ್‌ಸೆಟ್ ರೈತನೊಬ್ಬ ಕುಳಿತರೆ ಟಿ.ಸಿ. ದೂರುಗಳನ್ನು ಕೇಳುವ ರೀತಿಯೇ ಬದಲಾದೀತು.

ಇನ್ನೊಂದು ಮಾರ್ಗ ಜಿಲ್ಲಾ ಗ್ರಾಹಕರ ಆಯೋಗ. ಗ್ರಾಹಕ ಸಂರಕ್ಷಣಾ ಕಾಯ್ದೆಗೆ ವಿರುದ್ಧವಾದ ಮಟ್ಟಿಗೆ ವಿದ್ಯುಚ್ಛಕ್ತಿ ಅಧಿನಿಯಮ ಅನ್ವಯಿಸದೆಂದು ಅದರ 173ನೇ ಕಲಮೇ ಹೇಳುತ್ತದೆ. ತೊಡಕಿರುವುದು ಬೇರೆಡೆ. ವಿದ್ಯುಚ್ಛಕ್ತಿ ಅಧಿನಿಯಮದ 2(15) ಪ್ರಕಾರ ಸ್ವಂತ ಬಳಕೆಗೆ ವಿದ್ಯುತ್ ಪಡೆಯುವವನೂ, ಸಂಪರ್ಕವಿರುವ ಸ್ಥಳದವನೂ ಗ್ರಾಹಕರೇ, ಹಣ ಯಾರು ಕಟ್ಟಿದರೆಂಬುದು ಅಲ್ಲಿ ಮುಖ್ಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮಾತ್ರ ಉಚಿತ ಸೇವೆಯನ್ನು ಹೊರಗಿಡುತ್ತದೆ. ಹಾಗಾದರೆ ಪಂಪ್‌ಸೆಟ್ ರೈತನೂ ಸೊನ್ನೆ ಬಿಲ್ಲಿನ ಮನೆಯವರೂ ಹೊರಗುಳಿಯುವರೇ? ಹೊರಗುಳಿಯುವುದಿಲ್ಲ ಎಂಬ ವಾದಕ್ಕೆ ಗಟ್ಟಿ ಆಧಾರವಿದೆ. ವೈದ್ಯಕೀಯ ಸೇವೆಯ ಕುರಿತ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1995ರಲ್ಲಿ, ರೋಗಿಯ ಪರವಾಗಿ ವಿಮಾ ಕಂಪನಿ ಅಥವಾ ಉದ್ಯೋಗದಾತ ಹಣ ಕಟ್ಟಿದ್ದರೆ ಅದು ಉಚಿತ ಸೇವೆಯಲ್ಲ ಎಂದಿತು. 65ನೇ ಕಲಂ ಅಡಿ ಸರ್ಕಾರ ನಿಗಮಕ್ಕೆ ಕಟ್ಟುವ ಸಹಾಯಧನವೂ ಅದೇ ಬಗೆಯ ಪ್ರತಿಫಲ. ನಿಗಮ ಬೆಲೆ ಪಡೆದೇ ವಿದ್ಯುತ್ ಮಾರುತ್ತಿದೆ, ಬಳಸುವವನು ಆ ಸೇವೆಯ ಫಲಾನುಭವಿ. ಫಲಾನುಭವಿಯನ್ನೂ ಕಾಯ್ದೆಯ ಗ್ರಾಹಕ ವ್ಯಾಖ್ಯೆ ಒಳಗೊಳ್ಳುತ್ತದೆ. ಐದು ಲಕ್ಷ ರೂಪಾಯಿವರೆಗಿನ ಪ್ರತಿಫಲದ ದೂರಿಗೆ ಶುಲ್ಕವಿಲ್ಲ, ವಕೀಲರ ಕಡ್ಡಾಯವೂ ಇಲ್ಲ. ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಆ ದಿನವನ್ನು ತೋರಿಸಲು ಪಂಪ್‌ಸೆಟ್ ರೈತನ ಬಳಿ ಸದ್ಯಕ್ಕೆ ಇರಬಹುದಾದದ್ದು ಉಪವಿಭಾಗದ ಮೊಹರು ಬಿದ್ದ ಸ್ವೀಕೃತಿ ಅಥವಾ 1912ರ ದೂರು ಸಂಖ್ಯೆ.