ಕ್ಲಾಟ್‌ನಲ್ಲಿ ಸೀಟು ಸಿಗಲಿಲ್ವಾ? ಇನ್ನೊಮ್ಮೆ ಬರೆಯೋ ಮುಂಚೆ ಮನೇಲಿ ಕೂತು ಹಾಕಬೇಕಾದ ಲೆಕ್ಕ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ. ನಾಲ್ಕೂ ತಾಲ್ಲೂಕಿನಲ್ಲಿ ಕೋರ್ಟ್ ಇದೆ. ಜಮೀನು, ಖಾತೆ, ಪಾಲು ಅಂತ ಆ ಮೆಟ್ಟಿಲು ಹತ್ತದ ಮನೆ ನಮ್ಮಲ್ಲಿ ಕಡಿಮೆ. ಹಾಗಾಗಿ "ನಮ್ ಮಕ್ಕಳಲ್ಲಿ ಒಬ್ರಾದ್ರೂ ಲಾಯರ್ ಆಗ್ಲಿ" ಅನ್ನೋ ಆಸೆ ಇಲ್ಲಿ ಹೊಸದೇನಲ್ಲ. ದೇಶದ ಮೊದಲ ರಾಷ್ಟ್ರೀಯ ಕಾನೂನು ಶಾಲೆಯೂ ದೂರ ಇಲ್ಲ, ಬೆಂಗಳೂರಿನ ನಾಗರಬಾವಿಯಲ್ಲೇ ಇದೆ. ನೆಲಮಂಗಲದಿಂದ ಬೆಳಗ್ಗೆ ಹೊರಟರೆ ತಿಂಡಿ ಹೊತ್ತಿಗೆ ಗೇಟಿನ ಮುಂದೆ ಇರಬಹುದು. ಆದರೆ ಗೇಟಿನ ಒಳಗೆ ಹೋಗೋಕೆ ಕ್ಲಾಟ್ ಬರೀಬೇಕು, ಒಳ್ಳೆ ರ‍್ಯಾಂಕ್ ಬರಬೇಕು.

ಮೊದಲ ಸಲ ಬರೆದು ಸೀಟು ಸಿಗದವರು ಮುಂದೇನು ಅಂತ ಕೇಳ್ತಾರೆ. ಇನ್ನೊಂದು ಸಲ ಬರೆಯೋದು ತಪ್ಪಲ್ಲ. ಲೆಕ್ಕ ಹಾಕದೆ ಬರೆಯೋದು ತಪ್ಪು. ಆ ಲೆಕ್ಕ ಇಲ್ಲಿದೆ.

ಏನಿದು ಕ್ಲಾಟ್?

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ಸೇರಲು ನಡೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ. ಮೊದಲು ಒಂದೊಂದು ಕಾನೂನು ಶಾಲೆಯೂ ತನ್ನದೇ ಪರೀಕ್ಷೆ ಮಾಡ್ತಿತ್ತು. ಒಬ್ಬ ವಿದ್ಯಾರ್ಥಿ ಊರೂರು ಅಲೆಯಬೇಕಿತ್ತು. ಇದರ ವಿರುದ್ಧ 2006ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯ್ತು. 2008ರಿಂದ ಒಂದೇ ಪರೀಕ್ಷೆ ಶುರುವಾಯ್ತು. 2017ರಲ್ಲಿ ಈ ವಿಶ್ವವಿದ್ಯಾಲಯಗಳೆಲ್ಲ ಸೇರಿ ಒಕ್ಕೂಟ ಮಾಡಿಕೊಂಡವು. ಈಗ ಕ್ಲಾಟ್ ನಡೆಸೋದು ಈ ಒಕ್ಕೂಟವೇ. ದೆಹಲಿಯ ಕಾನೂನು ವಿಶ್ವವಿದ್ಯಾಲಯ ಮಾತ್ರ ಐಲೆಟ್ ಅನ್ನೋ ಬೇರೆ ಪರೀಕ್ಷೆ ಮಾಡುತ್ತೆ.

ಒಂದು ಗೊಂದಲ ಮೊದಲೇ ಬಿಡಿಸಿಕೊಳ್ಳಿ. ಎಂಜಿನಿಯರಿಂಗ್‌ಗೆ ಬರೆಯುವ ಸಿಇಟಿಗೂ ಇದಕ್ಕೂ ಸಂಬಂಧ ಇಲ್ಲ. ಸಿಇಟಿ ರ‍್ಯಾಂಕ್ ತೋರಿಸಿದರೆ ನಾಗರಬಾವಿಯಲ್ಲಿ ಸೀಟು ಕೊಡಲ್ಲ.

ಪರೀಕ್ಷೆ ಹೀಗಿರುತ್ತೆ:

- ಒಟ್ಟು 120 ಪ್ರಶ್ನೆ, 2 ಗಂಟೆ, ಪೆನ್ನು ಹಿಡಿದು ಓಎಂಆರ್ ಹಾಳೆಯಲ್ಲಿ ಗುರುತು ಹಾಕೋದು
- ಸರಿ ಉತ್ತರಕ್ಕೆ 1 ಅಂಕ, ತಪ್ಪಾದರೆ 0.25 ಕಡಿತ
- ಇಂಗ್ಲಿಷ್: 22ರಿಂದ 26 ಪ್ರಶ್ನೆ
- ಪ್ರಚಲಿತ ವಿದ್ಯಮಾನ, ಸಾಮಾನ್ಯ ಜ್ಞಾನ: 28ರಿಂದ 32
- ಕಾನೂನು ತರ್ಕ: 28ರಿಂದ 32
- ಸಾಮಾನ್ಯ ತರ್ಕ: 22ರಿಂದ 26
- ಗಣಿತ (ಹತ್ತನೇ ತರಗತಿ ಮಟ್ಟ): 10ರಿಂದ 14

ಎಷ್ಟು ಸಲ ಬರೆಯಬಹುದು?

ಎಷ್ಟು ಸಲ ಬೇಕಾದರೂ. ಐದು ವರ್ಷದ ಕೋರ್ಸಿಗೆ ವಯಸ್ಸಿನ ಗರಿಷ್ಠ ಮಿತಿ ಇಲ್ಲ. ದ್ವಿತೀಯ ಪಿಯುಸಿಯಲ್ಲಿ ಸಾಮಾನ್ಯ ಮತ್ತು ಹಿಂದುಳಿದ ವರ್ಗದವರಿಗೆ 45%, ಎಸ್‌ಸಿ, ಎಸ್‌ಟಿಯವರಿಗೆ 40% ಅಂಕ ಬೇಕು. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸರಿ. ಪಿಯುಸಿ ಅಂಕವೇ ಕಡಿಮೆ ಬಂದಿದ್ದರೆ ನಮ್ಮ ರಾಜ್ಯದಲ್ಲಿ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯೋ ಅವಕಾಶ ಇದೆಯಲ್ಲ, ಅದರಲ್ಲೇ ಮೊದಲು ಸರಿ ಮಾಡಿಕೊಳ್ಳಿ.

'ಒಂದು ವರ್ಷ' ಅಂದ್ರೆ ನಿಜಕ್ಕೂ ಎಷ್ಟು?

ಇಲ್ಲೇ ಬಹಳ ಮನೆಗಳ ಲೆಕ್ಕ ತಪ್ಪೋದು. ಕ್ಲಾಟ್ ಈಗ ಡಿಸೆಂಬರ್‌ನಲ್ಲಿ ನಡೆಯುತ್ತೆ. 2024ರಲ್ಲಿ ಡಿಸೆಂಬರ್ 1, 2025ರಲ್ಲಿ ಡಿಸೆಂಬರ್ 7, ಎರಡೂ ಭಾನುವಾರ. ಅಂದ್ರೆ ಮೊದಲ ಸಲ ಬರೆಯುವಾಗ ಹುಡುಗರು ಇನ್ನೂ ದ್ವಿತೀಯ ಪಿಯುಸಿ ಮಧ್ಯದಲ್ಲಿ ಇರ್ತಾರೆ. ಅತ್ತ ಬೋರ್ಡ್ ಪರೀಕ್ಷೆ, ಇತ್ತ ಕ್ಲಾಟ್. ಮೊದಲ ಸಲ ಕೈಕೊಟ್ಟರೆ ಅದಕ್ಕೆ ದಡ್ಡತನವೇ ಕಾರಣ ಅಲ್ಲ, ಸಮಯವೇ ಸಾಕಾಗಿರಲ್ಲ.

ಪಿಯುಸಿ ಮಾರ್ಚ್‌ನಲ್ಲಿ ಮುಗಿಯುತ್ತೆ. ಮುಂದಿನ ಕ್ಲಾಟ್ ಡಿಸೆಂಬರ್‌ಗೆ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಓದಿಗೆ 8 ತಿಂಗಳು ಸಿಗುತ್ತೆ. ಆದರೆ ಸೀಟು ಸಿಕ್ಕರೂ ತರಗತಿ ಶುರುವಾಗೋದು ಅದರ ಮುಂದಿನ ವರ್ಷದ ಮಧ್ಯಕ್ಕೆ. ಪಿಯುಸಿ ಮುಗಿದ ದಿನದಿಂದ ಲೆಕ್ಕ ಹಾಕಿದರೆ ಹೆಚ್ಚು ಕಡಿಮೆ 15 ತಿಂಗಳು. ಮನೆಯಲ್ಲಿ ನಿರ್ಧಾರ ಮಾಡುವಾಗ '8 ತಿಂಗಳ ಓದು, 15 ತಿಂಗಳ ಕಾಯುವಿಕೆ' ಅಂತ ಬರೆದಿಟ್ಟುಕೊಳ್ಳಿ.

ಆ 15 ತಿಂಗಳು ಸುಮ್ಮನೆ ಕೂರಬೇಡಿ

ಇದನ್ನ ಕೇಳಿಸಿಕೊಂಡು ಬರೀತಿಲ್ಲ. ಈ ವರದಿಗಾರ ಡಿಗ್ರಿಯನ್ನ ಅರ್ಧಕ್ಕೆ ಬಿಟ್ಟವನು. ಕಾಲೇಜೂ ಇಲ್ಲ, ಕೆಲಸವೂ ಇಲ್ಲ ಅನ್ನೋ ತಿಂಗಳುಗಳು ಹೇಗಿರುತ್ತವೆ ಅಂತ ಗೊತ್ತು. ಹಾಲು ತರೋಕೆ ಹೋದರೂ "ಏನಪ್ಪಾ, ಈಗ ಏನ್ ಮಾಡ್ತಿದೀಯ?" ಅಂತಾರೆ. ಉತ್ತರ ಇಲ್ಲದಿದ್ರೆ ಆ ದಾರೀಲಿ ಹೋಗೋದನ್ನೇ ಬಿಡ್ತೀವಿ. ಓದೋದು ಆಮೇಲಿನ ಮಾತು.

ಹಾಗಾಗಿ ಈ ಮೂರರಲ್ಲಿ ಒಂದನ್ನ ಹಿಡಿದುಕೊಂಡೇ ಮರುಪ್ರಯತ್ನ ಮಾಡಿ:

1. ಬಿಎ ಅಥವಾ ಬಿಕಾಂ ಸೇರಿ, ಜೊತೆಗೆ ಓದಿ. ನಮ್ಮ ತಾಲ್ಲೂಕುಗಳಲ್ಲೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ, ಖರ್ಚು ಕಡಿಮೆ. ಕ್ಲಾಟ್ ಆಗದಿದ್ದರೆ ಡಿಗ್ರಿ ಮುಗಿಸಿ 3 ವರ್ಷದ ಎಲ್‌ಎಲ್‌ಬಿ ಮಾಡಬಹುದು. ಯಾವ ವರ್ಷವೂ ಹಾಳಾಗಲ್ಲ.

2. ಬೇರೆ ಕಾನೂನು ಕಾಲೇಜಿನಲ್ಲಿ 5 ವರ್ಷದ ಕೋರ್ಸ್ ಸೇರಿ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಕ್ಲಾಟ್ ಬೇಕಿಲ್ಲ, ಪಿಯುಸಿ ಅಂಕ ಸಾಕು. ಆದರೆ ಮುಂದೆ ಕ್ಲಾಟ್‌ನಲ್ಲಿ ಸೀಟು ಸಿಕ್ಕರೆ ಅಲ್ಲಿ ಮತ್ತೆ ಮೊದಲ ವರ್ಷದಿಂದಲೇ ಶುರು ಮಾಡಬೇಕು.

3. ಪೂರ್ತಿ ಸಮಯ ಓದು. ಮನೆಯ ಹಣಕಾಸು, ಓದುವ ಶಿಸ್ತು ಎರಡೂ ಇದ್ದರೆ ಮಾತ್ರ.

ಮೊದಲ ಎರಡು ದಾರಿಗೆ ಒಂದು ಎಚ್ಚರಿಕೆ. ಸೇರುವಾಗಲೇ ಕೇಳಿಕೊಳ್ಳಿ: ಮಧ್ಯದಲ್ಲಿ ಬಿಟ್ಟರೆ ಟಿಸಿ, ಮೂಲ ಮಾರ್ಕ್ಸ್ ಕಾರ್ಡ್ ಯಾವಾಗ ಕೊಡ್ತಾರೆ, ಕಟ್ಟಿದ ಫೀಸಿನಲ್ಲಿ ಎಷ್ಟು ವಾಪಸ್ ಬರುತ್ತೆ? ನಾನು ಕೇಳಿರಲಿಲ್ಲ. ಒಂದು ಟಿಸಿಗೆ ನಾಲ್ಕು ಸಲ ಅಲೆದೆ.

ಹೋದ ಸಲ ಅಂಕ ಎಲ್ಲಿ ಹೋಯ್ತು?

ಮತ್ತೆ ಓದೋಕೆ ಕೂರುವ ಮುಂಚೆ ಹಳೆ ಪ್ರಶ್ನೆಪತ್ರಿಕೆ, ನಿಮ್ಮ ಉತ್ತರ, ಅಂತಿಮ ಕೀ ಉತ್ತರ ಮೂರನ್ನೂ ಮುಂದಿಟ್ಟುಕೊಳ್ಳಿ. ಕೆಂಪು ಪೆನ್ನಿನಲ್ಲಿ ಪ್ರತಿ ತಪ್ಪಿನ ಮುಂದೆ ಕಾರಣ ಬರೆಯಿರಿ: ಗೊತ್ತಿರಲಿಲ್ಲ, ಓದಿದ್ದು ಅರ್ಥ ಆಗಲಿಲ್ಲ, ಸಮಯ ಸಾಲಲಿಲ್ಲ, ಸುಮ್ಮನೆ ಊಹೆ ಮಾಡಿದೆ. ಯಾವ ಕಾರಣ ಹೆಚ್ಚು ಸಲ ಬಂತೋ ಈ ವರ್ಷದ ಕೆಲಸ ಅದೇ.

ಊಹೆಯ ಲೆಕ್ಕ ನೋಡಿ. ಒಬ್ಬರು 112 ಪ್ರಶ್ನೆಗೆ ಗುರುತು ಹಾಕ್ತಾರೆ, 80 ಸರಿ, 32 ತಪ್ಪು. ಕಡಿತ 8, ಉಳಿದಿದ್ದು 72. ಇನ್ನೊಬ್ಬರು 100ಕ್ಕೆ ಮಾತ್ರ ಹಾಕ್ತಾರೆ, 78 ಸರಿ, 22 ತಪ್ಪು. ಕಡಿತ 5.5, ಉಳಿದಿದ್ದು 72.5. ಕಡಿಮೆ ಬರೆದವರಿಗೇ ಅರ್ಧ ಅಂಕ ಜಾಸ್ತಿ. ನಾಲ್ಕು ಆಯ್ಕೆಯಲ್ಲಿ ಎರಡನ್ನ ಖಚಿತವಾಗಿ ತೆಗೆದುಹಾಕೋಕೆ ಆದರೆ ಗುರುತು ಹಾಕಿ, ಇಲ್ಲಾಂದ್ರೆ ಮುಂದಕ್ಕೆ ಹೋಗಿ.

ಕಾನೂನು ತರ್ಕದಲ್ಲಿ ತಪ್ಪೋದು ಬೇರೆ ರೀತಿ. ಇಲ್ಲಿ ಮೊದಲೇ ಕಾನೂನು ಗೊತ್ತಿರಬೇಕಿಲ್ಲ. ಕೊಟ್ಟ ಗದ್ಯದಲ್ಲಿ ಒಂದು ನಿಯಮ ಇರುತ್ತೆ, ಅದನ್ನ ಮುಂದಿನ ಘಟನೆಗೆ ಹಚ್ಚಬೇಕು. ಉದಾಹರಣೆಗೆ, 'ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ' ಅನ್ನೋ ಬೋರ್ಡು ನಮ್ಮ ಪೇಟೆಯಲ್ಲಿ ಎಷ್ಟೋ ಅಂಗಡಿಯಲ್ಲಿದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ಮಾಲನ್ನ ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳಲ್ಲ ಅನ್ನೋದು ಅನುಚಿತ ವ್ಯಾಪಾರ ಪದ್ಧತಿ. ಇಂಥ ಗದ್ಯ ಬಂದರೆ ಅಂಗಡಿಯವರ ಮಕ್ಕಳು ಅಂಗಡಿ ರೂಢಿ ನೋಡಿ ಉತ್ತರ ಹಾಕಬಾರದು, ಗದ್ಯದಲ್ಲಿರೋ ನಿಯಮ ನೋಡಿ ಹಾಕಬೇಕು.

ಕನ್ನಡ ಮಾಧ್ಯಮದವರಿಗೆ

ಸುತ್ತಿ ಬಳಸಿ ಹೇಳೋದು ಬೇಡ. ಕ್ಲಾಟ್ ಇಂಗ್ಲಿಷ್‌ನಲ್ಲಿ ಮಾತ್ರ ನಡೆಯುತ್ತೆ. ಪ್ರಾದೇಶಿಕ ಭಾಷೆಗಳಲ್ಲೂ ಬೇಕು ಅಂತ 2023ರಲ್ಲಿ ದೆಹಲಿ ಹೈಕೋರ್ಟಿಗೆ ಅರ್ಜಿ ಹೋಗಿತ್ತು. ಗದ್ಯ ಒಂದೊಂದೂ 450 ಪದದಷ್ಟು ಉದ್ದ ಇರಬಹುದು. ಒಂದು ಗದ್ಯಕ್ಕೆ ಐದು ಪ್ರಶ್ನೆ ಅಂತ ಹಿಡಿದರೂ 2 ಗಂಟೆಯಲ್ಲಿ ಹತ್ತು ಸಾವಿರ ಪದದಷ್ಟು ಓದಬೇಕಾಗುತ್ತೆ. ಸೋಲೋದು ಬುದ್ಧಿಯಲ್ಲಲ್ಲ, ಓದುವ ವೇಗದಲ್ಲಿ.

ಇದಕ್ಕೆ ಕೈಗೆಟಕುವ ದಾರಿ ಒಂದಿದೆ. ಒಂದೇ ಸುದ್ದಿಯನ್ನ ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ, ಆಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ. ವಿಷಯ ಮೊದಲೇ ಗೊತ್ತಿರೋದರಿಂದ ಭಾಷೆ ಮೇಲೆ ಗಮನ ಕೊಡಬಹುದು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ಭೂಸ್ವಾಧೀನವನ್ನೇ ತಗೊಳ್ಳಿ. 13 ಹಳ್ಳಿ, 1,777 ಎಕರೆ. ರೈತರ ಮೂರು ವರ್ಷಕ್ಕೂ ಮೀರಿದ ಹೋರಾಟದ ನಂತರ 2025ರ ಜುಲೈ 15ರಂದು ಸ್ವಾಧೀನ ಕೈಬಿಡೋದಾಗಿ ಮುಖ್ಯಮಂತ್ರಿ ಹೇಳಿದರು. ನಮ್ಮ ಮಕ್ಕಳಿಗೆ ಇದು ಬಾಯಿಪಾಠ. ಅದನ್ನೇ ಇಂಗ್ಲಿಷ್‌ನಲ್ಲಿ ಓದಿದರೆ ಸ್ವಾಧೀನ, ಪರಿಹಾರ, ಅಧಿಸೂಚನೆ ಅನ್ನೋ ಪದಗಳೆಲ್ಲ ತಾನಾಗೇ ತಲೆಗೆ ಹತ್ತುತ್ತವೆ. ಪತ್ರಿಕೆ ಕೊಳ್ಳಬೇಕಿಲ್ಲ, ತಾಲ್ಲೂಕು ಗ್ರಂಥಾಲಯಕ್ಕೋ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೋ ಹೋಗಿ.

8 ತಿಂಗಳ ಹಂಚಿಕೆ

- ಏಪ್ರಿಲ್–ಜೂನ್: ದಿನಕ್ಕೆ ಒಂದು ಗಂಟೆ ಇಂಗ್ಲಿಷ್ ಓದು, ಹತ್ತನೇ ತರಗತಿ ಗಣಿತದಲ್ಲಿ ಶೇಕಡಾವಾರು, ಅನುಪಾತ, ಸರಾಸರಿ
- ಜುಲೈ: ಗಡಿಯಾರ ಇಟ್ಟುಕೊಂಡು ಹಿಂದೆ ಬಿಡಿಸದ ಹಳೆ ಪತ್ರಿಕೆ ಒಂದನ್ನ 2 ಗಂಟೆಯಲ್ಲಿ ಬರೆಯಿರಿ. ಹೋದ ಸಲದ ಅಂಕಕ್ಕಿಂತ ಏರಿಲ್ಲಾಂದ್ರೆ ಓದುವ ವಿಧಾನ ಬದಲಿಸಿ, ಇಲ್ಲವೇ ಕೈಲಿರೋ ಕೋರ್ಸ್ ಮೇಲೆ ಪೂರ್ತಿ ಗಮನ ಕೊಡಿ
- ಆಗಸ್ಟ್–ಅಕ್ಟೋಬರ್: ವಾರಕ್ಕೊಂದು ಪೂರ್ಣ ಪತ್ರಿಕೆ. ಬರೆದಷ್ಟೇ ಸಮಯ ತಪ್ಪು ನೋಡೋಕೂ ಕೊಡಿ
- ನವೆಂಬರ್: ಪರೀಕ್ಷೆ ನಡೆಯೋ ಹೊತ್ತಿಗೇ, ಅಂದ್ರೆ ಮಧ್ಯಾಹ್ನ 2ರಿಂದ 4ಕ್ಕೆ ಅಭ್ಯಾಸ. ಊಟ ಆದಮೇಲೆ ಬರೋ ತೂಕಡಿಕೆಗೂ ತಯಾರಿ ಬೇಕು

ಖರ್ಚು ಎಷ್ಟು?

ಅರ್ಜಿ ಶುಲ್ಕ ಇತ್ತೀಚಿನ ವರ್ಷಗಳಲ್ಲಿ ಸಾಮಾನ್ಯ ವರ್ಗಕ್ಕೆ 4,000 ರೂ., ಎಸ್‌ಸಿ, ಎಸ್‌ಟಿ ಮತ್ತು ಬಿಪಿಎಲ್‌ನವರಿಗೆ 3,500 ರೂ. ಹಳೆ ಪ್ರಶ್ನೆಪತ್ರಿಕೆ, ಮಾದರಿ ಪತ್ರಿಕೆಗಳು ಒಕ್ಕೂಟದ ವೆಬ್‌ಸೈಟಿನಲ್ಲೇ ಸಿಗುತ್ತವೆ. ಕೋಚಿಂಗ್‌ಗೆ ದುಡ್ಡು ಕಟ್ಟೋ ಮುಂಚೆ ಅವನ್ನ ಮುಗಿಸಿ. ಬಡ ಕುಟುಂಬದ ಮಕ್ಕಳನ್ನ ಕಾನೂನು ಶಾಲೆಗೆ ತಯಾರು ಮಾಡೋಕೆ ಅಂತಲೇ 2010ರಲ್ಲಿ ಶಮ್ನಾದ್ ಬಷೀರ್ ಶುರು ಮಾಡಿದ 'ಐಡಿಐಎ' ಅನ್ನೋ ಸಂಸ್ಥೆ ಇದೆ, ಅವರನ್ನೂ ವಿಚಾರಿಸಿ.

ಫಲಿತಾಂಶ ಬಂದ ಮೇಲೆ ಕೌನ್ಸೆಲಿಂಗ್‌ಗೆ ಹತ್ತಾರು ಸಾವಿರ ಮುಂಗಡ ಕಟ್ಟಬೇಕು, ಅದೂ ಕೆಲವೇ ದಿನದೊಳಗೆ. ಕೋರ್ಸಿನ ಫೀಸು ವರ್ಷಕ್ಕೆ ಲಕ್ಷಗಟ್ಟಲೆ. ಶಿಕ್ಷಣ ಸಾಲ, ವಿದ್ಯಾರ್ಥಿವೇತನದ ವಿಚಾರ ಸೀಟು ಸಿಕ್ಕ ಮೇಲಲ್ಲ, ಅರ್ಜಿ ಹಾಕುವಾಗಲೇ ಬ್ಯಾಂಕಿನಲ್ಲಿ ಮಾತಾಡಿ.

ನಮ್ಮವರು ಮರೆಯೋ ಒಂದು ಕಾಲಂ

ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 25% ಸೀಟು 'ಕರ್ನಾಟಕ ವಿದ್ಯಾರ್ಥಿ'ಗಳಿಗೆ ಇದೆ. ಕರ್ನಾಟಕದ ಮಾನ್ಯತೆ ಪಡೆದ ಶಾಲಾ ಕಾಲೇಜುಗಳಲ್ಲಿ ಕನಿಷ್ಠ 10 ವರ್ಷ ಓದಿರಬೇಕು. ನಮ್ಮ ಜಿಲ್ಲೆಯ ಬಹುಪಾಲು ಮಕ್ಕಳು ಇದಕ್ಕೆ ಬರ್ತಾರೆ. ಸೈಬರ್ ಸೆಂಟರ್‌ನವರ ಕೈಗೆ ಅರ್ಜಿ ಕೊಟ್ಟು ಎದ್ದು ಬರಬೇಡಿ. ಪಕ್ಕದಲ್ಲೇ ಕೂತು ಈ ಕಾಲಂ ಭರ್ತಿ ಆಗಿದೆಯಾ ನೋಡಿ. ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ, ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಹಿಂದುಳಿದ ವರ್ಗದವರು ರಾಜ್ಯದ ನಮೂನೆ ಬೇಕಾ, ಕೇಂದ್ರದ್ದಾ ಅಂತ ಆಯಾ ವಿಶ್ವವಿದ್ಯಾಲಯದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ಪರೀಕ್ಷೆ ಆದಮೇಲೆ

ಮನೆಗೆ ಬಂದು ಮಲಗಿಬಿಡಬೇಡಿ. ತಾತ್ಕಾಲಿಕ ಕೀ ಉತ್ತರ ಬಂದಾಗ ನಿಮ್ಮ ಉತ್ತರ ತಾಳೆ ನೋಡಿ. ತಪ್ಪು ಕಂಡರೆ ಶುಲ್ಕ ಕಟ್ಟಿ, ಕೊಟ್ಟ ಅವಧಿಯೊಳಗೆ ಆಕ್ಷೇಪ ಸಲ್ಲಿಸಬಹುದು. 2024ರ ಡಿಸೆಂಬರ್‌ನಲ್ಲಿ ನಡೆದ ಪರೀಕ್ಷೆಯ ಕೀ ಉತ್ತರಗಳ ಬಗ್ಗೆ ಹಲವು ಹೈಕೋರ್ಟ್‌ಗಳಲ್ಲಿ ಕೇಸಾಗಿ, ಕೊನೆಗೆ 2025ರ ಮೇ 7ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಂದೊಂದು ಪ್ರಶ್ನೆಗೂ ಅಷ್ಟು ಬೆಲೆ ಇದೆ.

ಎರಡನೇ ಸಲವೂ ಸಿಗದಿದ್ದರೆ?

ವಕೀಲಿಕೆ ಬಾಗಿಲು ಮುಚ್ಚಲ್ಲ. ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಯನ್ನ ಕನ್ನಡದಲ್ಲೇ ಬರೆಯಬಹುದು. ಕಾನೂನು ಪದವಿ ಮುಗಿಸಿದವರು ಬರೆಯೋ ಅಖಿಲ ಭಾರತ ವಕೀಲರ ಪರೀಕ್ಷೆಯೂ ಕನ್ನಡದಲ್ಲಿದೆ. ನಾಗರಬಾವಿಯಲ್ಲಿ ಓದಿದವರೂ ಅದನ್ನೇ ಬರೀಬೇಕು, ಇಲ್ಲಿನ ಕಾಲೇಜಿನಲ್ಲಿ ಓದಿದವರೂ ಅದನ್ನೇ ಬರೀಬೇಕು. ಇಬ್ಬರೂ ವಕಾಲತ್ತು ಮಾಡೋದು ಅದೇ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡೇ.

ಪೋಷಕರಿಗೆ ಒಂದು ಮಾತು. ಮಕ್ಕಳು "ಇನ್ನೊಂದ್ ಸಲ ಬರೀತೀನಿ" ಅಂದಾಗ ಬೇಡ ಅನ್ನೋದಕ್ಕೂ ಹೂಂ ಅನ್ನೋದಕ್ಕೂ ಮುಂಚೆ ಎರಡು ಪ್ರಶ್ನೆ ಕೇಳಿ: ಹೋದ ಸಲ ಅಂಕ ಎಲ್ಲಿ ಹೋಯ್ತು? ಈ ಸಲವೂ ಆಗದಿದ್ದರೆ ಮರುದಿನ ಬೆಳಗ್ಗೆ ಯಾವ ಕಾಲೇಜಿಗೆ ಹೋಗ್ತೀಯ? ಎರಡಕ್ಕೂ ಉತ್ತರ ಇದ್ದರೆ ಧೈರ್ಯವಾಗಿ ಬರೆಯಲಿ ಬಿಡಿ. ಎರಡನೇ ಪ್ರಶ್ನೆಯನ್ನ ನನ್ನನ್ನ ಯಾರೂ ಕೇಳಿರಲಿಲ್ಲ.