ಇಂಗ್ಲಿಷು ಕ್ರಿಯಾಪದದ ಕಾಲವಿಚಾರ

ಇಂಗ್ಲಿಷು ಕಲಿಯುವ ಮಕ್ಕಳು ಕ್ರಿಯಾಪದದ ರೂಪಗಳನ್ನು ಮಗ್ಗಿಯಂತೆ ಉರುಹೊಡೆಯುವುದನ್ನು ಕೇಳದ ವಾಚಕರು ಇರಲಾರರು. ವರ್ತಮಾನ, ಭೂತ, ಭವಿಷ್ಯತ್ತೆಂಬ 3 ಕಾಲಗಳು. ಒಂದೊಂದಕ್ಕೂ 4 ಪ್ರಭೇದಗಳು. ಒಟ್ಟು 12 ಮನೆಗಳ ಕೋಷ್ಟಕ. ಇಷ್ಟನ್ನೂ ತಪ್ಪಿಲ್ಲದೆ ಒಪ್ಪಿಸಿದ ಹುಡುಗನೇ ಮರುದಿನ 'ಐ ಹ್ಯಾವ್ ಫಿನಿಷ್ಡ್ ದಿ ವರ್ಕ್ ಯೆಸ್ಟರ್ಡೇ' ಎಂದು ಬರೆದು, ಕೆಂಪು ಶಾಯಿಯ ಗೆರೆಯನ್ನು ಹೊತ್ತು ಮನೆಗೆ ಬರುತ್ತಾನೆ. ಅದು ತಪ್ಪೆಂದು ಹೇಳುವವರು ಬಹುಮಂದಿ. ಏಕೆ ತಪ್ಪೆಂದು ಹೇಳುವವರು ವಿರಳ. ಅದರ ಕಾರಣವು ಕೋಷ್ಟಕದಲ್ಲಿಲ್ಲ, ಆ ಭಾಷೆಯ ಚರಿತ್ರೆಯಲ್ಲಿದೆ.

ಇಂಗ್ಲಿಷಿನ ಪೂರ್ವಿಕಭಾಷೆಗಳಲ್ಲಿ ಭೂತಕಾಲವನ್ನು ಸೂಚಿಸಲು ಎರಡು ಮಾರ್ಗಗಳಿದ್ದುವು. ಧಾತುವಿನೊಳಗಣ ಸ್ವರವನ್ನೇ ಮಾರ್ಪಡಿಸುವುದು ಒಂದು. 'ಸಿಂಗ್', 'ಸ್ಯಾಂಗ್' ಎಂಬಂತೆ. ಧಾತುವಿನ ಕೊನೆಗೆ ಪ್ರತ್ಯಯವೊಂದನ್ನು ಹತ್ತಿಸುವುದು ಇನ್ನೊಂದು. 'ಲವ್', 'ಲವ್ಡ್' ಎಂಬಂತೆ. 19ನೆಯ ಶತಮಾನದ ಜರ್ಮನ್ ಪಂಡಿತ ಯಾಕೋಬ್ ಗ್ರಿಮ್ಮನು ಮೊದಲನೆಯದಕ್ಕೆ ಬಲಿಷ್ಠವೆಂದೂ ಎರಡನೆಯದಕ್ಕೆ ದುರ್ಬಲವೆಂದೂ ಹೆಸರಿಟ್ಟನು. ಇಂದು ನಾವು 'ನಿಯತ' ಕ್ರಿಯಾಪದವೆಂದು ಗೌರವಿಸುವುದು ಬಹುಮಟ್ಟಿಗೆ ಆ ದುರ್ಬಲ ವರ್ಗವನ್ನೇ! ಈ ಪ್ರತ್ಯಯವು 'ಮಾಡು' ಎಂಬರ್ಥದ ಧಾತುವಿನ ಸವೆದ ರೂಪವೆಂದು ಅನೇಕ ಭಾಷಾಶಾಸ್ತ್ರಜ್ಞರ ಮತ. ಕ್ರಿ.ಶ. 4ನೆಯ ಶತಮಾನದಲ್ಲಿ ಬಿಷಪ್ ವುಲ್ಫಿಲನು ಗಾಥಿಕ್ ಭಾಷೆಗೆ ಪರಿವರ್ತಿಸಿದ ಬೈಬಲಿನಲ್ಲಿ ಕಾಣುವಂಥ 'ಸಲ್ಬೋ-ದೇದುಮ್' ಮೊದಲಾದ ರೂಪಗಳು ಇದಕ್ಕೆ ಆಧಾರ. ನಾವು 'ಲೇಪನ ಮಾಡಿದೆವು' ಎನ್ನುವ ಹಾಗೆಯೇ. ನಮ್ಮ ಕೇಶಿರಾಜನೂ ಭೂತಕಾಲಕ್ಕೆ ದಕಾರವನ್ನೇ ವಿಧಿಸಿರುವುದು ಕಾಕತಾಳೀಯ; ಅದರಿಂದ ಎರಡು ಭಾಷೆಗಳಿಗೆ ನಂಟು ಕಟ್ಟಹೊರಡುವುದು ಸಾಹಸವಾದೀತು.

ದುರ್ಬಲವು ಗೆದ್ದ ಬಗೆ ಸ್ವಾರಸ್ಯವಾದುದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಜಯಿಸಿದ ತರುವಾಯ ಫ್ರೆಂಚ್ ಧಾತುಗಳು ಹಿಂಡುಹಿಂಡಾಗಿ ಒಳಬಂದುವು: ಪನಿಶ್, ಸರ್ವ್, ಫಿನಿಶ್, ಪ್ಲೀಸ್. ಹೊಸಬರಿಗೆ ಒಳಸ್ವರದ ಮಾರ್ಪಾಟು ಒಗ್ಗದು, ಪ್ರತ್ಯಯವು ಯಾರಿಗಾದರೂ ಒಗ್ಗುವುದು. ('ಸ್ಟ್ರೈವ್' ಎಂಬುದೊಂದು ಮಾತ್ರ ಹಟಹಿಡಿದು 'ಸ್ಟ್ರೋವ್' ಆಯಿತು.) ಕ್ರಮೇಣ ಹಳೆಯ ಮನೆತನದವೂ ಹೊಸಬರ ದಾರಿ ಹಿಡಿದುವು. 1611ರ ಬೈಬಲಿನಲ್ಲಿ 'ಹೆಲ್ಪ್' ಧಾತುವಿಗೆ 'ಹೋಲ್ಪನ್' ಎಂಬ ರೂಪವಿದೆ. ಈಗ ಅಲ್ಲಿ 'ಹೆಲ್ಪ್ಡ್'. 2007ರಲ್ಲಿ ಪ್ರಕಟವಾದ ಒಂದು ಗಣನೆಯಂತೆ, ಹಳೆಯ ಇಂಗ್ಲಿಷಿನಿಂದ ಆರಿಸಿದ 177 ಅನಿಯತ ಧಾತುಗಳಲ್ಲಿ ಮಧ್ಯಕಾಲಕ್ಕೆ 145, ನಮ್ಮ ಕಾಲಕ್ಕೆ 98 ಮಾತ್ರ ಅನಿಯತವಾಗಿ ಉಳಿದಿವೆ. ವಿರಳವಾಗಿ ಬಳಸುವುವು ಬೇಗ ಸೋತವು, ನಿತ್ಯ ಬಳಸುವುವು ಉಳಿದುವು. ನಮ್ಮಲ್ಲಿಯೂ ಬಂದನು, ಕೊಟ್ಟನು, ತಂದನು ಎಂಬ ವಿಷಮರೂಪಗಳು ದಿನಬಳಕೆಯವೇ. ಹೊಸದಾಗಿ ಬಂದ ಧಾತುವಿಗಾದರೋ '-ಇಸಿದನು' ಸಿದ್ಧವಾಗಿದೆ.

ಆ ಪ್ರತ್ಯಯದ ಸ್ವರವನ್ನು ಹಿಂದೆ ಸ್ಪಷ್ಟವಾಗಿ ಉಚ್ಚರಿಸುತ್ತಿದ್ದರು. ಅದನ್ನು ನುಂಗಿ 'ಡಿಸ್ಟರ್ಬ್ಡ್' ಎನ್ನುವ ಹೊಸ ಚಾಳಿಯ ಮೇಲೆ ಜೋನಾಥನ್ ಸ್ವಿಫ್ಟನು 1712ರಲ್ಲಿ ಕಿಡಿಕಾರಿ, ಕವಿಗಳನ್ನೇ ಅಪರಾಧಿಗಳನ್ನಾಗಿ ನಿಲ್ಲಿಸಿದನು. ನಮ್ಮ ಹುಡುಗರು 'ವಾಕೆಡ್' ಎಂದಾಗ ನಗುವವರು, ಅವರ ಪರವಾಗಿ ಸ್ವಿಫ್ಟನಿದ್ದಾನೆಂಬುದನ್ನು ಮರೆಯಬಾರದು.

ಇನ್ನು ಕೋಷ್ಟಕದ ಮಾತು. ಧಾತುವಿನ ರೂಪವನ್ನೇ ನೋಡುವುದಾದರೆ ಇಂಗ್ಲಿಷಿಗೆ ಇರುವುವು ಎರಡೇ ಕಾಲಗಳು: ವರ್ತಮಾನ ಮತ್ತು ಭೂತ. ಕ್ರಿ.ಶ. 1000ದ ಸುಮಾರಿನಲ್ಲಿ ಲ್ಯಾಟಿನ್ ವ್ಯಾಕರಣವನ್ನು ತನ್ನ ನುಡಿಯಲ್ಲಿ ಬರೆದ ಆಲ್ಫ್ರಿಕ್ ಎಂಬ ಸಂನ್ಯಾಸಿಯು, ಲ್ಯಾಟಿನ್ ಭವಿಷ್ಯತ್ತಿಗೆ ಸಮನಾದ ರೂಪವಿಲ್ಲದೆ, ವರ್ತಮಾನಕ್ಕೇ ಕಾಲವಾಚಕ ಪದವನ್ನು ಸೇರಿಸಿ ಅರ್ಥ ಹೇಳಿದನು. 'ನಾಳೆ ಬರುತ್ತೇನೆ' ಎನ್ನುವ ನಮಗೆ ಇದು ಹೊಸದಲ್ಲ. ಅನಂತರ ಬಳಕೆಗೆ ಬಂದ 'ವಿಲ್' ಇಚ್ಛೆಯನ್ನೂ 'ಶಲ್' ಋಣವನ್ನೂ ಸೂಚಿಸುತ್ತಿದ್ದ ಪದಗಳು. ಉತ್ತಮಪುರುಷಕ್ಕೆ 'ಶಲ್', ಉಳಿದುವಕ್ಕೆ 'ವಿಲ್' ಎಂಬ ನಿಯಮವನ್ನು 1653ರಲ್ಲಿ ವಿಧಿಸಿದವನು ಗಣಿತಜ್ಞ ಜಾನ್ ವಾಲಿಸ್, ಅದೂ ಲ್ಯಾಟಿನ್ ಭಾಷೆಯಲ್ಲಿ! ಆಮ್ಲಜನಕದ ಸಂಶೋಧನೆಗೆ ಹೆಸರಾದ ಪ್ರೀಸ್ಟ್ಲಿಯು 1761ರ ತನ್ನ ವ್ಯಾಕರಣದಲ್ಲಿ, ಲ್ಯಾಟಿನ್ನಿನ ಕಾಲಭೇದಗಳನ್ನು ಇಂಗ್ಲಿಷಿಗೆ ತೊಡಿಸುವುದು ಸಲ್ಲದೆಂದು ವಾದಿಸಿದನು. ಯಾರೂ ಕಿವಿಗೊಡಲಿಲ್ಲ. 1795ರಲ್ಲಿ ಲಿಂಡ್ಲಿ ಮರ್ರೆಯ ಗ್ರಂಥವು 6 ಕಾಲಗಳೊಡನೆ ಹೊರಬಂದು ಶಾಲೆಶಾಲೆಗಳನ್ನು ಆಕ್ರಮಿಸಿತು. ನಮ್ಮ ಮಕ್ಕಳ ಕೋಷ್ಟಕವು ಆ ವಂಶದ್ದು.

ಈಗ ಕೆಂಪು ಶಾಯಿಯ ವಾಕ್ಯಕ್ಕೆ ಬರೋಣ. 'ಹ್ಯಾವ್' ಎಂದರೆ ಮೂಲತಃ ಹೊಂದಿರುವುದು. 'ಬಲೆಗೆ ಸಿಕ್ಕ ಮೀನನ್ನು ಹೊಂದಿದ್ದೇನೆ' ಎಂಬ ಬಗೆಯ ವಾಕ್ಯದಿಂದ 'ಮೀನನ್ನು ಹಿಡಿದಿದ್ದೇನೆ' ಎಂಬ ಅರ್ಥ ಬೆಳೆಯಿತು. ಹಳೆಯ ಇಂಗ್ಲಿಷಿನಲ್ಲಿ ಆ ಕೃದಂತಕ್ಕೆ ಕರ್ಮಪದದ ವಿಭಕ್ತಿಯೇ ಹತ್ತುತ್ತಿದ್ದುದುಂಟು. ಹೀಗಾಗಿ ಆ ರೂಪದ ಬೇರು ವರ್ತಮಾನದಲ್ಲಿದೆ: ಕೆಲಸ ನಡೆದುದು ಹಿಂದೆ, ಕೈಯಲ್ಲಿರುವುದು ಈಗ. 'ನಿನ್ನೆ' ಎಂದೊಡನೆ ಮಾತು ಈಗಿನದನ್ನು ಬಿಟ್ಟು ಕಳೆದ ದಿನಕ್ಕೆ ಹೋಗುತ್ತದೆ. ಅಲ್ಲಿಗೆ ಸಲ್ಲುವುದು ಬರಿಯ 'ಫಿನಿಷ್ಡ್'.

ಆದರೆ ಹುಡುಗನು ಮೂಢನಲ್ಲ. 'ನಿನ್ನೆಯೇ ಮುಗಿಸಿದ್ದೇನೆ' ಎಂಬುದು ಶುದ್ಧ ಕನ್ನಡ. ನಮ್ಮ 'ಮುಗಿಸಿದ್ದೇನೆ' ಎಂಬುದರಲ್ಲಿ ಅಡಗಿರುವುದು 'ಇರು' ಧಾತು, ಅದು ನಿನ್ನೆಯೊಡನೆ ಜಗಳವಾಡುವುದಿಲ್ಲ. ಅಷ್ಟೇಕೆ, ಇಂಗ್ಲಿಷಿನ ದಾಯಾದಿಯಾದ ಜರ್ಮನಿಯೂ ನೆರೆಯ ಫ್ರೆಂಚೂ 'ಹೊಂದು' ಎಂಬರ್ಥದ ಸಹಾಯಕ ಪದವನ್ನೇ ಬಳಸಿಯೂ 'ನಿನ್ನೆ' ಎಂಬುದನ್ನು ಪಕ್ಕದಲ್ಲಿ ನಿಸ್ಸಂಕೋಚವಾಗಿ ಕೂರಿಸಿಕೊಳ್ಳುತ್ತವೆ. ಪ್ಯಾರಿಸಿನ ಬಾಲಕನೂ ಇಂಗ್ಲಿಷು ಬರೆಯುವಾಗ ಇದೇ ವಾಕ್ಯದಲ್ಲಿ ಎಡವುತ್ತಾನೆ.