ಓಲೆ ಅಡವಿಟ್ಟು ಹೊಲಿಗೆ ಮಷಿನ್ ತಂದ ಲೀನಾ

"ನಿಮ್ಮ ಸೈಜ್ ಇಲ್ಲಕ್ಕ." ತಾಲ್ಲೂಕು ಪೇಟೆಯ ರೆಡಿಮೇಡ್ ಅಂಗಡಿಗಳಲ್ಲಿ ಈ ಮಾತು ಕೇಳದ ಹೆಂಗಸರು ಕಡಿಮೆ. ಹೆರಿಗೆಯಾದ ಮೇಲೋ, ನಲವತ್ತು ದಾಟಿದ ಮೇಲೋ, ಥೈರಾಯ್ಡ್ ತೊಂದರೆಯಿಂದಲೋ ಮೈ ಬಂದಿರುತ್ತದೆ. ಹಾಕಿಕೊಳ್ಳಲು ಬಟ್ಟೆ ಇಲ್ಲವೆಂದು ಕೆಲವರು ಮದುವೆಗೆ ಹೋಗುವುದನ್ನೇ ಬಿಡುತ್ತಾರೆ. ಹೋದವರು ಫೋಟೊ ತೆಗೆಯುವಾಗ ಹಿಂದಿನ ಸಾಲಿಗೆ ಸರಿಯುತ್ತಾರೆ.

ನೂರು ವರ್ಷದ ಹಿಂದೆ ಅಮೆರಿಕದ ದಪ್ಪ ಮೈಯ ಹೆಂಗಸರಿಗೂ ಅಂಗಡಿಯಲ್ಲಿ ಇದೇ ಉತ್ತರ ಸಿಗುತ್ತಿತ್ತು. ಮನೆಯಲ್ಲಿ ಅಥವಾ ದರ್ಜಿಯ ಹತ್ತಿರ ಹೊಲಿಸುವಾಗ ಬಟ್ಟೆಯೇ ಮೈಗೆ ಹೊಂದಿಕೊಳ್ಳುತ್ತಿತ್ತು. ಕಾರ್ಖಾನೆಯ ಬಟ್ಟೆ ಬಂದ ಮೇಲೆ ಲೆಕ್ಕ ತಿರುಗುಮುರುಗಾಯಿತು. ಕೆಲವೇ ಅಳತೆ, ಅದಕ್ಕೆ ಹೊಂದಬೇಕಾದ್ದು ಮೈ! ಇದನ್ನು ಬದಲಿಸಲು ಹೊರಟವರಲ್ಲಿ ದೊಡ್ಡ ಹೆಸರು ಲೀನಾ ಬ್ರಯಂಟ್.

ಲೀನಾ ಹುಟ್ಟಿದ್ದು ಯುರೋಪಿನ ಲಿಥುವೇನಿಯಾದಲ್ಲಿ. 1895ರಲ್ಲಿ, ಇನ್ನೂ ಹದಿಹರೆಯದ ಹುಡುಗಿಯಾಗಿದ್ದಾಗ, ನ್ಯೂಯಾರ್ಕಿಗೆ ಬಂದು ಹೊಲಿಗೆ ಕೆಲಸಕ್ಕೆ ಸೇರಿದರು. ಆಭರಣ ವ್ಯಾಪಾರಿ ಡೇವಿಡ್ ಬ್ರಯಂಟ್ ಜೊತೆ ಮದುವೆಯಾಯಿತು. ಮಗ ಹುಟ್ಟಿದ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡರು. ಕೂಸನ್ನು ಸಾಕಬೇಕಲ್ಲ? ಗಂಡ ಕೊಟ್ಟಿದ್ದ ವಜ್ರದ ಓಲೆ ಅಡವಿಟ್ಟು ಹೊಲಿಗೆ ಮಷಿನ್ ತಂದರು. 1904ರಲ್ಲಿ ಅಂಗಡಿ ತೆರೆದರು. ಬ್ಯಾಂಕಿನ ಕಾಗದದಲ್ಲಿ ಲೀನಾ ಎಂಬುದು 'ಲೇನ್' ಎಂದಾಯಿತು, ಅಂಗಡಿಗೆ ಅದೇ ಹೆಸರು ನಿಂತಿತು: ಲೇನ್ ಬ್ರಯಂಟ್.

ಒಬ್ಬ ಬಸುರಿ ಗಿರಾಕಿ ಬಂದು, ಹೊರಗೆ ಹಾಕಿಕೊಂಡು ಹೋಗುವಂಥ ಬಟ್ಟೆ ಬೇಕೆಂದು ಕೇಳಿದರು. ಲೀನಾ ನೆರಿಗೆ ಲಂಗದ ಸೊಂಟಕ್ಕೆ ಎಲಾಸ್ಟಿಕ್ ಕೂಡಿಸಿ ಹೊಲಿದುಕೊಟ್ಟರು. ಹೊಟ್ಟೆ ಬೆಳೆದಂತೆ ಬಟ್ಟೆಯೂ ಹಿಗ್ಗುತ್ತಿತ್ತು. ಆದರೆ ಬಸುರಿಯರ ಬಟ್ಟೆಯ ಜಾಹೀರಾತು ಹಾಕಲು ಅಲ್ಲಿನ ಪತ್ರಿಕೆಗಳಿಗೆ ಮುಜುಗರ. 1911ರಲ್ಲಿ 'ನ್ಯೂಯಾರ್ಕ್ ಹೆರಾಲ್ಡ್' ಪತ್ರಿಕೆ ಒಪ್ಪಿತು. ಜಾಹೀರಾತು ಬಂದದ್ದೇ ತಡ, ಅಂಗಡಿಯ ಮಾಲು ಖಾಲಿ.

ಮುಂದಿನ ಹೆಜ್ಜೆ ಇಟ್ಟದ್ದು ದಪ್ಪ ಮೈಯವರಿಗಾಗಿ. ಲೀನಾರ ಎರಡನೇ ಗಂಡ ಆಲ್ಬರ್ಟ್ ಮಾಲ್ಸಿನ್ ಎಂಜಿನಿಯರ್. ಅವರು ಅಂಗಡಿಯ ಸುಮಾರು 4,500 ಗಿರಾಕಿಗಳ ಅಳತೆ ಕಲೆಹಾಕಿದರು. ಜೊತೆಗೆ ವಿಮಾ ಕಂಪನಿಯಲ್ಲಿದ್ದ ಸುಮಾರು 2 ಲಕ್ಷ ಹೆಂಗಸರ ಲೆಕ್ಕವನ್ನೂ ನೋಡಿದರು. ಕಂಡದ್ದು ಇಷ್ಟು: ದಪ್ಪ ಎಲ್ಲರಿಗೂ ಒಂದೇ ಥರ ಬರುವುದಿಲ್ಲ. ಕೆಲವರಿಗೆ ಮೈಯೆಲ್ಲ, ಕೆಲವರಿಗೆ ಎದೆಯ ಭಾಗ, ಕೆಲವರಿಗೆ ಸೊಂಟದ ಕೆಳಗೆ. ಸಣ್ಣವರ ಅಂಗಿಯನ್ನೇ ಅಗಲ ಮಾಡಿದರೆ ಆಗದು, ಕತ್ತರಿಸುವ ಕ್ರಮವೇ ಬೇರೆ ಬೇಕು. ಹಾಗೆ ಹೊಲಿಸಿದ ಬಟ್ಟೆಗೆ ಗಿರಾಕಿಗಳು ಮುಗಿಬಿದ್ದರು. 1923ರ ಹೊತ್ತಿಗೆ ಕಂಪನಿಯ ವ್ಯಾಪಾರ 50 ಲಕ್ಷ ಡಾಲರ್ ಮುಟ್ಟಿತು. ಬಸುರಿಯರ ಬಟ್ಟೆಗಿಂತ ದೊಡ್ಡ ಅಳತೆಯ ಬಟ್ಟೆಯೇ ಹೆಚ್ಚು ಮಾರಾಟವಾಗುತ್ತಿತ್ತು.

ಒಂದು ಮಾತು ಮುಚ್ಚಿಡಬಾರದು. ಇದೇ ಕಂಪನಿಯ ಜಾಹೀರಾತುಗಳು, ಈ ಬಟ್ಟೆ ಹಾಕಿದರೆ ತೆಳ್ಳಗೆ ಕಾಣುತ್ತೀರಿ ಎಂದೂ ಆಸೆ ತೋರಿಸುತ್ತಿದ್ದವು. ಬಟ್ಟೆ ಸಿಕ್ಕಿತು, ನಾಚಿಕೆ ಪೂರ್ತಿ ಹೋಗಲಿಲ್ಲ.

ನಮ್ಮ ಕಡೆ ಈ ನಾಚಿಕೆಗೆ ಎಡೆ ಕಡಿಮೆ ಇತ್ತು. ಸೀರೆಗೆ ಸೈಜ್ ಇಲ್ಲ. ಮೈ ಬಂದರೆ ಎರಡು ನೆರಿಗೆ ಕಡಿಮೆ, ಅಷ್ಟೆ. ಗುಳೇದಗುಡ್ಡದ ಖಣದ ಕುಪ್ಪಸವನ್ನು ಮುಂದೆ ಗಂಟು ಹಾಕುತ್ತಿದ್ದರು, ಬಿಗಿಯಾದರೆ ಗಂಟು ಸಡಿಲ ಮಾಡಿದರಾಯಿತು. ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಎಂಬ ಚೀಟಿ ಬಂದದ್ದು ರೆಡಿಮೇಡ್ ಜೊತೆ. ಭಾರತೀಯರದೇ ಅಳತೆಪಟ್ಟಿ ಮಾಡಲು ನಿಫ್ಟ್ ಸಂಸ್ಥೆ ಹಾಕಿಕೊಂಡ ಯೋಜನೆಯಲ್ಲಿ 25,000 ಮಂದಿಯ ಮೈ ಅಳೆಯುವ ಗುರಿಯಿತ್ತು. ಅಳೆಯಲು ಆರಿಸಿದ್ದು ಬೆಂಗಳೂರೂ ಸೇರಿ ಆರು ನಗರಗಳನ್ನು. ಗದ್ದೆಯಲ್ಲಿ ಬಾಗಿ ದುಡಿಯುವ, ತಲೆಮೇಲೆ ಹೊರೆ ಹೊರುವ ಮೈಗಳ ಲೆಕ್ಕ ಯಾರು ಹಿಡಿಯುತ್ತಾರೆ?

ಸದ್ಯಕ್ಕೆ ನಮ್ಮೂರ ದರ್ಜಿಯೇ ಹಿಡಿಯಬೇಕು. ಬ್ಲೌಸ್ ಹೊಲಿಸುವಾಗ ಮದುವೆ ಕಾಲದ ಹಳೇ ಬ್ಲೌಸನ್ನು ಅಳತೆಗೆ ಕೊಡಬೇಡಿ, ಹೊಸದಾಗಿ ಟೇಪ್ ಹಿಡಿಸಿ. ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ ಬಿಡಲು ಹೇಳಿ, ಬೇಕಾದಾಗ ಬಿಚ್ಚಿಕೊಳ್ಳಬಹುದು. ಚೂಡಿದಾರ್ ಕೊಳ್ಳುವಾಗ ಭುಜ ಸರಿಯಿದೆಯೇ, ಕೈ ಎತ್ತಿದರೆ ಹಿಡಿಯುತ್ತದೆಯೇ ನೋಡಿ. ಸೈಜ್ ಚೀಟಿ ಚುಚ್ಚಿದರೆ ಕತ್ತರಿಸಿ ಎಸೆಯಿರಿ. ಇಷ್ಟದ ಬಣ್ಣ ಆರಿಸಿಕೊಳ್ಳಿ, ಮುಂದಿನ ಮದುವೆಯಲ್ಲಿ ಫೋಟೊಕ್ಕೆ ಮುಂದಿನ ಸಾಲಿನಲ್ಲಿ ನಿಲ್ಲಿ.